ಕನ್ನಡಿಯೊಳಗಿನ ಮೂಗುಬೊಟ್ಟು

ಕೋಲಾರ ಜಿಲ್ಲೆಯ ವಿಜ್ಞಾನ ಶಿಕ್ಷಕರ ಪರಂಪರೆಯಲ್ಲಿ ಶ್ರೀಯುತ ಗಂಗುಲಪ್ಪನವರ ಸ್ಥಾನ ಯಾವುದೆಂದು ಕೇಳಿದರೆ ಮುಳಬಾಗಿಲಿನವರು ಒಂದು ಹೇಳಿಯಾರು, ಮಾಲೂರಿನವರು ಮತ್ತೊಂದು ಹೇಳಿಯಾರು, ಶ್ರೀನಿವಾಸಪುರದ ನಾವಂತೂ ಅವರು ನಮ್ಮವರೆಂದು ಜಗಳಕ್ಕೇ ನಿಂತೇವು. ಈ ಮೂರು ತಾಲ್ಲೂಕುಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂರು ದಶಕಗಳಿಗೂ ಮಿಕ್ಕಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತವನ್ನು ಬೋಧಿಸಿ, ಶಿಕ್ಷಕರ ಬಳಗದಲ್ಲಿ 'ಪಿಸಿಎಂ ಗಂಗುಲಪ್ಪ' ಎಂದೂ ಮಕ್ಕಳ ಬಾಯಲ್ಲಿ ಬರೀ 'ಮೇಷ್ಟ್ರು' ಎಂದೂ ಕರೆಯಿಸಿಕೊಂಡ ಅವರು ಈ ಮೇ ತಿಂಗಳ ಕೊನೆಯ ದಿನ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಆ ಸಂದರ್ಭದಲ್ಲಿ ಅವರಿಗೆ ಅರ್ಪಿಸುವ ಈ ಗ್ರಂಥದಲ್ಲಿ ಒಂದೆರಡು ಪುಟ ಬರೆಯುವ ಭಾಗ್ಯ, ಅವರ ಹಳೆಯ ವಿದ್ಯಾರ್ಥಿನಿಯೂ ಈಗ ಸುಗಟೂರಿನ ಕಡೆಯ ಒಂದು ಪ್ರೌಢಶಾಲೆಯಲ್ಲಿ ಅವೇ ವಿಷಯಗಳನ್ನು ಬೋಧಿಸುವವಳೂ ಆದ ನನಗೆ ಒದಗಿದೆ.

ಬೇರೆ ಲೇಖನಗಳಲ್ಲಿ 'ನೂರಕ್ಕೆ ನೂರು ಫಲಿತಾಂಶ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆಂದು ಸಂಪಾದಕರು ಮೊದಲೇ ತಿಳಿಸಿದ್ದಾರೆ. ಬರಲಿ. ಅದು ಸುಳ್ಳಲ್ಲ, ಅದು ಮೊದಲ ಸಲ ಬಂದ ವರ್ಷ ಪಾಸಾದವರಲ್ಲಿ ನಾನೂ ಒಬ್ಬಳು. ಆದರೆ ನನಗೆ ಬೇಕಾದ ಮೇಷ್ಟ್ರು ಆ ಫಲಿತಾಂಶದವರಲ್ಲ, ಅದಕ್ಕಿಂತ ಹಿಂದಿನವರು. ನಮ್ಮ ಮನೆಯಿಂದ ಅವರಿಗೆಂದು ಹೊರಟ ಒಂದು ಪ್ರಶ್ನೆ ಅವರನ್ನು ತಲುಪದೆ ವರ್ಷಗಟ್ಟಲೆ ದಾರಿಯಲ್ಲೇ ಉಳಿದುಹೋಗಿತ್ತು. ಅದರ ಕಥೆಯನ್ನು ಬರೆಯುವವರು ಬೇರೆ ಯಾರೂ ಇಲ್ಲವಾದ್ದರಿಂದ ಆ ಕೆಲಸ ನಾನು ವಹಿಸಿಕೊಂಡಿದ್ದೇನೆ. ಇದರಿಂದ ಯಾರಿಗಾದರೂ ಮುಜುಗರವಾದರೆ ದಯವಿಟ್ಟು ಪುಟ ತಿರುಗಿಸಿ ಮುಂದಿನ ಲೇಖನಕ್ಕೆ ಹೋಗಬಹುದು, ಹಾರ ತುರಾಯಿ ಎಲ್ಲ ಅಲ್ಲಿರುತ್ತವೆ.

ಯಲ್ದೂರು ಹೋಬಳಿಯ ಒಂದು ಸಣ್ಣ ಹಳ್ಳಿಯಲ್ಲಿ, ರಾಗಿ ಹೊಲವೂ ಒಂದಿಷ್ಟು ಮಾವಿನ ಮರಗಳೂ ಇದ್ದ ಮನೆಯಲ್ಲಿ ಹುಟ್ಟಿದ ಗಂಗುಲಪ್ಪನವರು ಶ್ರೀನಿವಾಸಪುರದಲ್ಲಿ ಪ್ರೌಢಶಾಲೆಯನ್ನೂ ಕೋಲಾರದಲ್ಲಿ ಪದವಿಯನ್ನೂ ಮುಗಿಸಿ ಮೊದಲು ನೇಮಕಗೊಂಡದ್ದು ಮುಳಬಾಗಿಲು ತಾಲ್ಲೂಕಿನ, ಆಂಧ್ರದ ಗಡಿಗೆ ಅಂಟಿಕೊಂಡ ಊರೊಂದಕ್ಕೆ. ಅಲ್ಲಿನ ಮಕ್ಕಳ ಮನೆಮಾತು ತೆಲುಗು, ಶಾಲೆಯ ಪಾಠ ಕನ್ನಡ. ಸೇರಿದ ಹೊಸತರಲ್ಲಿ ಕದಿರಪ್ಪನೆಂಬ ಹುಡುಗ ಸಾಂದ್ರತೆಯ ವ್ಯಾಖ್ಯೆಯನ್ನು ಒಂದೇ ಉಸಿರಿನಲ್ಲಿ, ಒಂದು ಅಕ್ಷರ ತಪ್ಪದೆ ಒಪ್ಪಿಸಿದನಂತೆ. ಹಿಗ್ಗಿದ ಮೇಷ್ಟ್ರು, ಹಾಗೆಂದರೆ ಏನಪ್ಪಾ ಎಂದು ತೆಲುಗಿನಲ್ಲಿ ಕೇಳಿದರು. ಹುಡುಗನೂ ಅಷ್ಟೇ ಹಿಗ್ಗಿನಿಂದ "ಅದು ಗೊತ್ತಿಲ್ಲ ಸಾರ್, ಇದು ಬರುತ್ತೆ" ಎಂದ. ಈ ಪ್ರಸಂಗವನ್ನು ಮೇಷ್ಟ್ರು ನಮಗೆ ಹೇಳುವಾಗಲೆಲ್ಲ ನಾವು ನಗುತ್ತಿದ್ದೆವು, ಅವರು ಮಾತ್ರ ನಗುತ್ತಿರಲಿಲ್ಲ. ತಮ್ಮ ಕಣ್ಣು ತೆರೆಸಿದ ಗುರು ಎಂದೇ ಅವರು ಕದಿರಪ್ಪನನ್ನು ನೆನೆಯುತ್ತಿದ್ದರು.

ಆ ವಾರವೇ ಅವರು ಬರೆಯುವ ಹೋಂವರ್ಕನ್ನು ಕಡಿಮೆ ಮಾಡಿ ಬೇರೊಂದು ಬಗೆಯ ಹೋಂವರ್ಕ್ ಕೊಡತೊಡಗಿದರು. "ಇಂಟ್ಲೋ ಚೆಪ್ಪಿ ರಾ" ಎಂಬುದು ಅದರ ಹೆಸರು. ಮನೆಯಲ್ಲಿ ಹೇಳಿ ಬಾ ಎಂದರ್ಥ. ಈ ದಿನ ನಡೆದ ಪಾಠವನ್ನು ಮನೆಯಲ್ಲಿ ಓದು ಬಾರದ ಒಬ್ಬರನ್ನು ಕೂರಿಸಿಕೊಂಡು ಅವರ ಮಾತಿನಲ್ಲೇ ಹೇಳಬೇಕು, ಹೇಳಿದ್ದು ಕೇಳಿ ಅವರು ಏನು ಪ್ರಶ್ನೆ ಹಾಕಿದರೋ ಅದನ್ನು ಮಾರನೆಯ ದಿನ ತರಗತಿಗೆ ತರಬೇಕು. ಪ್ರಶ್ನೆ ತಾರದವರು ಪಾಠವನ್ನೂ ಹೇಳಿಲ್ಲವೆಂದೇ ಲೆಕ್ಕ. ಹೀಗೆ ಬಂದದ್ದಕ್ಕೆ 'ಮನೆ ಪ್ರಶ್ನೆ' ಎಂದು ಹೆಸರು ಬಿತ್ತು. ದಿನವೂ ಸರದಿಯಂತೆ ಒಬ್ಬರು ಎದ್ದು ನಿಂತು ಮನೆ ಪ್ರಶ್ನೆಯನ್ನು ಹೇಳಿದರೆ ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಬರೆದು, ಕೆಳಗೆ ಕೇಳಿದವರ ಹೆಸರನ್ನು 'ಅವರು' ಸೇರಿಸಿ ಬರೆದು, ಆಮೇಲೆ ಪಾಠಕ್ಕೆ ಕೈಹಾಕುತ್ತಿದ್ದರು.

ಮುಂದೆ ಮಾಲೂರಿಗೆ ವರ್ಗವಾಯಿತು. ಇಟ್ಟಿಗೆ ಗೂಡುಗಳಲ್ಲಿ ದುಡಿಯುವವರ ಮಕ್ಕಳು ಅವರ ತರಗತಿಯಲ್ಲಿದ್ದರು. ಬೂದಿ ಬಣ್ಣದ ಮಣ್ಣು ಸುಟ್ಟ ಮೇಲೆ ಕೆಂಪಾಗುವುದೇಕೆ ಎಂದು ಒಂದು ಮನೆಯಿಂದ ಪ್ರಶ್ನೆ ಬಂತು. "ನಂಗೂ ಗೊತ್ತಿಲ್ಲ, ನಾಲ್ಕು ದಿನ ಕೊಡಿ" ಎಂದವರು ಕೋಲಾರದ ಗ್ರಂಥಾಲಯಕ್ಕೆ ಹೋಗಿ ಓದಿ ಬಂದು ಮಣ್ಣಿನೊಳಗಿನ ಕಬ್ಬಿಣದ ವಿಚಾರ ಹೇಳಿದರು. ಮಕ್ಕಳೆದುರು ಗೊತ್ತಿಲ್ಲ ಎನ್ನಬಹುದೇ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದಾಗ "ಅಂದ್ರೆ ಸಂಬಳ ಹಿಡೀತಾರಾ?" ಎಂದು ಕೇಳಿದರಂತೆ. ಗೂಡಿನ ಕೆಲಸ ಮುಗಿದು ಕುಟುಂಬಗಳು ವರ್ಷದ ನಡುವೆ ಊರು ಬಿಟ್ಟು ಹೊರಟಾಗ, ಆ ಮಕ್ಕಳು ಹೋದ ಊರಿನ ಶಾಲೆಗೆ ತಾವೇ ಹೋಗಿ, ಕೈ ಮುಗಿದು, ಸೇರಿಸಿ ಬರುತ್ತಿದ್ದರು. ಆ ಹಾದಿಯ ಬಸ್ಸು ತಪ್ಪಿ ಅವರು ಎಷ್ಟು ಸಲ ಯಾರದೋ ಜಗಲಿಯಲ್ಲಿ ಮಲಗಿದ್ದಾರೆಂಬುದನ್ನು ಅವರ ಪತ್ನಿ ಶ್ಯಾಮಲಮ್ಮನವರು ಇನ್ನೂ ಮರೆತಿಲ್ಲ, ಕ್ಷಮಿಸಿಯೂ ಇಲ್ಲ.

ನಾನು ಎಂಟನೆಯ ತರಗತಿಗೆ ಸೇರುವ ಹೊತ್ತಿಗೆ ಮೇಷ್ಟ್ರು ಯಲ್ದೂರು ಹೋಬಳಿಯ ನಮ್ಮ ಶಾಲೆಗೆ ಬಂದಿದ್ದರು. ಮಾವಿನ ಕಾಲದಲ್ಲಿ ನಮ್ಮಲ್ಲಿ ಅರ್ಧ ತರಗತಿ ಮಂಡಿಗಳಲ್ಲಿರುತ್ತದೆ, ಕಾಯಿ ಆರಿಸುವುದು, ಹುಲ್ಲು ಹಾಸಿ ಪೆಟ್ಟಿಗೆ ತುಂಬುವುದು. ಬೈದು ಎಳೆದು ತರುವ ಬದಲು ಮೇಷ್ಟ್ರು ಸಂಜೆ ತಮ್ಮ ಟಿವಿಎಸ್ ಗಾಡಿಯಲ್ಲಿ ಮಂಡಿಗೇ ಬಂದುಬಿಡುತ್ತಿದ್ದರು. ತೊಟ್ಟಿಯ ನೀರಿಗೆ ಎರಡು ಕಾಯಿ ಹಾಕಿ, ಬಲಿತದ್ದು ಮುಳುಗಿ ಎಳೆಯದು ತೇಲಿದಾಗ, ಎರಡೂ ಒಂದೇ ಗಾತ್ರ ಇದ್ದರೂ ಹೀಗೇಕೆ ಎಂದು ಕೇಳಿ, ನಾವು ಕಚ್ಚಾಡುವುದನ್ನು ಪೆಟ್ಟಿಗೆಯ ಮೇಲೆ ಕೂತು ನೋಡುತ್ತಿದ್ದರು. ಸಾಂದ್ರತೆ ಎಂಬ ಪದವನ್ನು ಅವರು ಹೇಳಿದ್ದು ನಮ್ಮ ಜಗಳ ಮುಗಿದ ಮೇಲೆ. ಆ ಪದ ನನಗೆ ಇವತ್ತಿಗೂ ಮಾವಿನ ಸೊನೆಯ ವಾಸನೆಯೊಂದಿಗೇ ಬರುತ್ತದೆ.

ಮನೆಯಲ್ಲಿ ನನ್ನ ಪಾಠ ಕೇಳುವವಳು ನಮ್ಮ ಅವ್ವ. ನಮ್ಮ ಕಡೆ ಅಜ್ಜಿಯನ್ನು ಅವ್ವ ಅನ್ನುತ್ತೇವೆ. ಹೆಸರು ದೊಡ್ಡಗಂಗಮ್ಮ. ನಮ್ಮ ಮನೆಯಲ್ಲೂ ತೆಲುಗು ಕನ್ನಡ ಬೆರೆತ ಮಾತು. ಅಪ್ಪ ಮುನಿರಾಮಪ್ಪ, ಅಮ್ಮ ಇಬ್ಬರೂ ಹಿಪ್ಪುನೇರಳೆ ಸೊಪ್ಪು, ಹಸು, ಡೇರಿ ಎಂದು ಓಡಾಡುತ್ತಿದ್ದುದರಿಂದ ಕೂತು ಕೇಳುವ ಪುರಸೊತ್ತು ಇದ್ದದ್ದು ಅವ್ವನಿಗೊಬ್ಬಳಿಗೇ. ಅವ್ವ ಶಾಲೆಯ ಹೊಸ್ತಿಲು ತುಳಿದವಳಲ್ಲ. ಅವಳ ಪ್ರಶ್ನೆಗಳಲ್ಲಿ ಬಹುಪಾಲು ಅಡ್ಡಾದಿಡ್ಡಿ. ಭೂಮಿ ತಿರುಗುವುದಾದರೆ ಹಾರಿಹೋದ ಕಾಗೆ ನಮ್ಮ ಹುಣಸೆಮರಕ್ಕೇ ಹೇಗೆ ವಾಪಸು ಬರುತ್ತದೆ ಎಂದಳು ಒಮ್ಮೆ. ಅದನ್ನು ಮೇಷ್ಟ್ರು ಬೋರ್ಡಿನ ಮೇಲೆ 'ದೊಡ್ಡಗಂಗಮ್ಮನವರು' ಎಂಬ ಹೆಸರಿನ ಸಮೇತ ಬರೆದರೆಂದು ನಾನು ಬಂದು ಹೇಳಿದಾಗ ಅವ್ವ ಸೆರಗು ಸರಿಮಾಡಿಕೊಂಡು ಕೂತಳು. "ನನ್ನ ಹೆಸ್ರು? ಇಸ್ಕೂಲಾಗ?" ಎಂದು ಮೂರು ನಾಲ್ಕು ಸಲ ಕೇಳಿದಳು. ಅಂದಿನಿಂದ ನಾನು ಶಾಲೆಯಿಂದ ಬಂದು ಚೀಲ ಇಳಿಸುವ ಮೊದಲೇ ಅವಳ ಮಾತು ತಯಾರಿರುತ್ತಿತ್ತು. "ಏಮನ್ನಾರೇ ಮೀ ಮೇಷ್ಟ್ರು?" ಏನಂದ್ರೇ ನಿಮ್ಮ ಮೇಷ್ಟ್ರು?

ಮೇಷ್ಟ್ರನ್ನು ಅವ್ವ ಒಮ್ಮೆಯೂ ನೋಡಿರಲಿಲ್ಲ. ಆದರೂ ಅವರಿಬ್ಬರ ನಡುವೆ ನಾನು ಓಡಾಡಿದ ಆ ಎರಡು ವರ್ಷಗಳಷ್ಟು ಸಂತೋಷವಾಗಿ ನಾನು ಮತ್ತೆಂದೂ ಇರಲಿಲ್ಲ ಎಂದು ನೇರವಾಗಿ ಬರೆಯುತ್ತಿದ್ದೇನೆ.

ಹತ್ತನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಆದದ್ದನ್ನು ಈಗ ನೆನೆದರೆ ನಗು ಬರುತ್ತದೆ, ಅಂದು ಬರಲಿಲ್ಲ. ಆ ವರ್ಷ ಉತ್ತರಪತ್ರಿಕೆಗಳನ್ನು ತಾಲ್ಲೂಕಿನ ಬೇರೆ ಶಾಲೆಗಳಿಗೆ ಕಳುಹಿಸಿ ಮೌಲ್ಯಮಾಪನ ಮಾಡಿಸಿದರು. ಎರಡು ವರ್ಷ ಮನೆಯಲ್ಲಿ ಹೇಳಿ ಹೇಳಿ ಅಭ್ಯಾಸವಾಗಿದ್ದ ನಮ್ಮ ತರಗತಿಯವರು, ಯಾರೂ ಯಾರಿಗೂ ಹೇಳಿಕೊಡದೆ, ಉತ್ತರಗಳನ್ನೂ ಹಾಗೇ ಬರೆದಿದ್ದೆವು. "ನೋಡವ್ವಾ, ಎರಡು ಮಾವಿನಕಾಯಿ ತಗೋ" ಎಂದು ನನ್ನ ಉತ್ತರ ಶುರುವಾಗಿತ್ತು. ಗೆಳತಿ ಮುನಿಲಕ್ಷ್ಮಿಯದು "ನಿಂಗೆ ಗೊತ್ತಲ್ಲ ಅಮ್ಮಾ, ಒಲೆ ಊದೋವಾಗ" ಎಂದು. ಪುಸ್ತಕದ ವಾಕ್ಯ ಹುಡುಕಿದ ಮೌಲ್ಯಮಾಪಕರಿಗೆ ಅಂಕ ಕೊಡಲು ಜಾಗವೇ ಸಿಗಲಿಲ್ಲ. ನಮ್ಮ ಶಾಲೆ ತಾಲ್ಲೂಕಿನಲ್ಲೇ ಕೊನೆಗೆ ಬಂತು.

ಶಿಕ್ಷಕರ ಸಭೆಯೊಂದರಲ್ಲಿ ಮೇಲಿನವರೊಬ್ಬರು ಆ ಉತ್ತರಗಳನ್ನು ಓದಿ ಹೇಳಿದರಂತೆ, ಸಭೆಯೆಲ್ಲ ನಕ್ಕಿತಂತೆ. ಆಮೇಲೆ ಮೇಷ್ಟ್ರನ್ನು ನಿಲ್ಲಿಸಿ, ಮಾರ್ಚಿನೊಳಗೆ ಇದನ್ನು ಸರಿಪಡಿಸದಿದ್ದರೆ ಏನಾಗುತ್ತದೆಂದು ತಿಳಿಸಿದರು. ವರ್ಗಾವಣೆಗೆ ಹೆದರುವವರು ಅವರಲ್ಲ. ಅವರನ್ನು ಬಾಗಿಸಿದ್ದು ನಮ್ಮ ಮುಖ್ಯೋಪಾಧ್ಯಾಯರಾಗಿದ್ದ ವೇಣುಗೋಪಾಲ್ ಅವರ ಮಾತು. ವೇಣುಗೋಪಾಲ್ ಅವರು ಸಜ್ಜನರು, ಆ ಮಾತನ್ನು ಅವರೇ ನನಗೆ ಇತ್ತೀಚೆಗೆ ಹೇಳಿದರು. "ಗಂಗುಲಪ್ಪೋರೇ, ನೀವು ಬೇರೆ ಊರಿಗೆ ಹೋಗ್ತೀರಿ, ಪಾಠ ಮಾಡ್ತೀರಿ. ಈ ಮಕ್ಕಳು ಫೇಲಾದ್ರೆ ಎಲ್ಲಿಗೆ ಹೋಗ್ತಾರೆ? ಮಂಡಿಗೆ. ನಿಮ್ಮ ಮನೆ ಪ್ರಶ್ನೆ ತಗೊಂಡು ಅಲ್ಲೇನು ಮಾಡ್ತಾರೆ ಸಾರ್?" ಆ ಪ್ರಶ್ನೆಗೆ ಸರಿಯಾದ ಉತ್ತರ ನನ್ನ ಬಳಿ ಇವತ್ತಿಗೂ ಇಲ್ಲ.

ಇಷ್ಟೆಲ್ಲ ನಡೆದದ್ದು ನಮಗೆ ತಿಳಿಯದು. ಅವ್ವನ ಆ ಪ್ರಶ್ನೆ ಹುಟ್ಟಿದ್ದರ ಹಿಂದಿನ ದಿನ ಬೆಳಕಿನ ಪಾಠ ಶುರುವಾಗಿತ್ತು, ಸಮತಲ ದರ್ಪಣದವರೆಗೆ ಬಂದಿದ್ದೆವು. ನಾನು ರಾತ್ರಿ ಊಟಕ್ಕೆ ಮುಂಚೆ ಅವ್ವನಿಗೆ ಅದನ್ನು ಹೇಳಿದ್ದೆ. ಬೆಳಗ್ಗೆ ಅವ್ವ ಗೋಡೆಯ ಕನ್ನಡಿಯ ಮುಂದೆ ನನ್ನನ್ನು ನಿಲ್ಲಿಸಿ ಜಡೆ ಹೆಣೆಯುತ್ತಿದ್ದವಳು ಕೈ ನಿಲ್ಲಿಸಿಬಿಟ್ಟಳು. ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡುತ್ತ ಕೇಳಿದಳು.

"ಲೇ ಆಶಾ, ನನ್ನ ಮೂಗುಬೊಟ್ಟು ಬಲಗಡೆ. ಕನ್ನಡೀಲಿರೋಳದು ಎಡಗಡೆ. ಸರಿ ಕಣೇ, ಒಪ್ಕೊಂಡೆ. ಎಡ ಬಲ ಅದಲುಬದಲು ಮಾಡೋ ಕನ್ನಡಿ ತಲೆ ಕಾಲು ಯಾಕೆ ಮಾಡಲ್ಲ? ನನ್ನ ತಲೆ ಮೇಲೇ ಇದೆಯಲ್ಲ?"

ಅವ್ವ ಕೇಳಿದ ಪ್ರಶ್ನೆಗಳಲ್ಲೆಲ್ಲ ಇದೇ ರಾಜ ಎಂದು ನನಗೆ ಅನ್ನಿಸಿತು. ಅವತ್ತು ಸರದಿಯೂ ನನ್ನದೇ. ದಾರಿಯುದ್ದಕ್ಕೂ ಅದನ್ನು ಬಾಯಲ್ಲೇ ಇಟ್ಟುಕೊಂಡು ಹೋದೆ. ಮೇಷ್ಟ್ರು ತರಗತಿಗೆ ಬಂದರು, ನಾನು ಎದ್ದು ನಿಂತೆ. ಅವರು ನನ್ನ ಕಡೆ ನೋಡಿ, ಬೋರ್ಡಿನ ಕಡೆ ತಿರುಗಿ, "ಕೂತ್ಕೋ ಆಶಾರಾಣಿ. ಇವತ್ತಿಂದ ಮನೆ ಪ್ರಶ್ನೆ ಬೇಡ. ಪರೀಕ್ಷೆ ಹತ್ರ ಬಂತು" ಎಂದರು. ಆಮೇಲೆ ಎಲ್ಲರಿಗೂ ಪಾಸಿಂಗ್ ಪ್ಯಾಕೇಜಿನ ಹಾಳೆಗಳನ್ನು ಹಂಚಿದರು. ಇಷ್ಟು ಪ್ರಶ್ನೆ, ಇಷ್ಟು ಉತ್ತರ, ಇವನ್ನು ಬಾಯಿಪಾಠ ಮಾಡಿದರೆ ಯಾರೂ ಫೇಲಾಗುವುದಿಲ್ಲ ಎನ್ನುವಂಥ ಹಾಳೆಗಳು. ಸಮತಲ ದರ್ಪಣದ ಪ್ರತಿಬಿಂಬದ ಲಕ್ಷಣಗಳು ಮೊದಲ ಹಾಳೆಯಲ್ಲೇ ಇದ್ದವು. ನೇರ, ಮಿಥ್ಯ, ವಸ್ತುವಿನಷ್ಟೇ ಗಾತ್ರ, ಪಾರ್ಶ್ವ ವಿಪರ್ಯಯ, ಎಂದರೆ ಎಡ ಬಲ ಅದಲುಬದಲು. ನಾವೆಲ್ಲ ಒಟ್ಟಿಗೆ ಗಟ್ಟಿಯಾಗಿ ಹೇಳಿದೆವು. ಮೇಷ್ಟ್ರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಸಂಜೆ ಮನೆಗೆ ಬಂದರೆ ಅವ್ವ ಬಾಗಿಲಲ್ಲೇ ಇದ್ದಳು. "ಏಮನ್ನಾರೇ ಮೀ ಮೇಷ್ಟ್ರು?"

"ಪರೀಕ್ಷೆ ಅಂತೆ ಅವ್ವಾ. ಈಗ ಕೇಳೋ ಹಾಗಿಲ್ಲ."

"ಪರೀಕ್ಷೆ ಆದ್ಮೇಲೆ?"

"ಆದ್ಮೇಲೆ."

ಪರೀಕ್ಷೆ ಆದ ಮೇಲೆ ಶಾಲೆಯೇ ಮುಗಿಯುತ್ತದೆಂಬುದು ನನಗೆ ಹೊಳೆಯಲಿಲ್ಲ. ಕೆಲವು ದಿನ ಅವ್ವ ತಪ್ಪದೆ ಕೇಳಿದಳು. ಆಮೇಲೆ ವಾರಕ್ಕೊಮ್ಮೆ ಕೇಳಿದಳು. ಒಂದು ದಿನ ನಾನು ಪ್ಯಾಕೇಜು ಉರು ಹೊಡೆಯುತ್ತ ಕೂತಿದ್ದಾಗ "ಹೋಗ್ಲಿ ಬಿಡು, ನನ್ನದೂ ಒಂದು ಪ್ರಶ್ನೆ ಅಂತ" ಎಂದು ಎದ್ದು ಹೋದಳು. ಅಲ್ಲಿಂದ ಮುಂದೆ ಅವಳು ನನ್ನನ್ನು ಊಟ ಆಯಿತೇ, ಬಸ್ಸು ಸಿಕ್ಕಿತೇ ಎಂದು ಕೇಳಿದ್ದುಂಟು, ಪಾಠದ ವಿಷಯ ಮತ್ತೆ ಕೇಳಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ದರ್ಪಣದ ಪ್ರಶ್ನೆಯೇ ಬಂತು. ನಾಲ್ಕು ಲಕ್ಷಣಗಳನ್ನೂ ಬರೆದು ಪೂರ್ತಿ ಅಂಕ ತೆಗೆದೆ. ನಮ್ಮ ತರಗತಿಯಲ್ಲಿ ಒಬ್ಬರೂ ಫೇಲಾಗಲಿಲ್ಲ. ಮುನಿಲಕ್ಷ್ಮಿ ಇಂದು ನರ್ಸ್ ಆಗಿದ್ದಾಳೆಂದರೆ ಆ ಹಾಳೆಗಳ ದಯೆಯಿಂದಲೇ, ಅದನ್ನು ಮರೆಮಾಚಿದರೆ ನನ್ನ ನಾಲಿಗೆ ಸುಟ್ಟೀತು. ಮೇಷ್ಟ್ರಿಗೆ ಕೋಲಾರದಲ್ಲಿ ಶಾಲು ಹೊದಿಸಿ ಸನ್ಮಾನ ಮಾಡಿದರು. ನಾನು ದ್ವಿತೀಯ ಪಿಯುಸಿಯಲ್ಲಿದ್ದಾಗ ಅವ್ವ ತೀರಿಕೊಂಡಳು. ಅವಳ ಮೂಗುಬೊಟ್ಟು ನನಗೆ ಬಂತು.

ಆ ಫಲಿತಾಂಶದ ನಂತರ ಮೇಷ್ಟ್ರಿಗೆ ಹಿಂದಿನ ದಾರಿಗೆ ಹೊರಳಲು ಆಗಲಿಲ್ಲ. ಒಮ್ಮೆ ನೂರಕ್ಕೆ ನೂರು ಬಂದ ಶಾಲೆಗೆ ಮರುವರ್ಷ ತೊಂಬತ್ತೆಂಟು ಬಂದರೂ ಅದು ಕುಸಿತವೇ. ವರ್ಷ ವರ್ಷವೂ ಅವರು ಹಾಳೆ ಹಂಚಿದರು, ವರ್ಷ ವರ್ಷವೂ ಮಕ್ಕಳು ಪಾಸಾದರು. ಎಂಟನೆಯ ತರಗತಿಯಲ್ಲಿಯಾದರೂ ಇರಲೆಂದು ಒಮ್ಮೆ ಮನೆ ಪ್ರಶ್ನೆಯನ್ನು ಪುನಃ ತೊಡಗಿಸಿದಾಗ ಹುಡುಗಿಯೊಬ್ಬಳು ಎದ್ದು ವಿನಯದಿಂದ "ಇದು ಪರೀಕ್ಷೆಗೆ ಬರುತ್ತಾ ಸಾರ್?" ಎಂದಳಂತೆ. ಇದನ್ನು ನನಗೆ ಹೇಳಿದವರು ಶ್ಯಾಮಲಮ್ಮನವರು. ಅವತ್ತು ಮೇಷ್ಟ್ರು ಮನೆಗೆ ಬಂದವರು ಟಿವಿಎಸ್ ಗಾಡಿಯನ್ನು ತೊಳೆಯುತ್ತ ಕೂತರು, ಅದು ಬೆಳಗ್ಗೆಯಷ್ಟೇ ತೊಳೆದ ಗಾಡಿ.

ನಾನೇ ಶಿಕ್ಷಕಿಯಾದ ಮೇಲೆ ಆ ಹುಡುಗಿಯ ಮಾತನ್ನು ದಿನವೂ ಕೇಳುತ್ತಿದ್ದೇನೆ. ನಾನೂ ಹಾಳೆ ಹಂಚುತ್ತೇನೆ. ಬೋರ್ಡಿಗೆ ಬೆನ್ನು ಕೊಟ್ಟು ನಿಂತು ಮಕ್ಕಳು ಒಕ್ಕೊರಲಿನಿಂದ ಒಪ್ಪಿಸುವುದನ್ನು ಕೇಳುವಾಗ, ಈ ಗದ್ದಲದ ನಡುವೆ ಯಾರಾದರೂ ಒಬ್ಬರು ಎದ್ದು ನಮ್ಮ ಅವ್ವ ಹೀಗೆ ಕೇಳಿದಳು ಎನ್ನಬಾರದೇ ಎಂದು ಜೀವ ಹಂಬಲಿಸುತ್ತದೆ. ಮೇಷ್ಟ್ರ ಆ ತರಗತಿ ನನಗೆ ಬೇಕು. ಶಿಕ್ಷಕಿಯಾಗಿ ಅಲ್ಲ, ಮೂರನೆಯ ಬೆಂಚಿನಲ್ಲಿ, ಬಾಯಿತುಂಬ ಪ್ರಶ್ನೆ ಇಟ್ಟುಕೊಂಡು ಕೂತವಳಾಗಿ ಬೇಕು.

ಕಳೆದ ಫೆಬ್ರವರಿಯಲ್ಲಿ, ಮಾವು ಹೂ ಬಿಟ್ಟಿದ್ದ ಕಾಲದಲ್ಲಿ, ಈ ಗ್ರಂಥಕ್ಕೆ ಬೇಕಾದ ಭಾವಚಿತ್ರ ತರಲು ಯಲ್ದೂರಿನ ಅವರ ಮನೆಗೆ ಹೋಗಿದ್ದೆ. ಶ್ಯಾಮಲಮ್ಮನವರು ಕಾಫಿ ಕೊಟ್ಟು ಪಕ್ಕದಲ್ಲೇ ಕೂತರು. ಊರಿನ ವಿಚಾರ, ಸಮಾರಂಭದ ವಿಚಾರ ಎಲ್ಲ ಆಯಿತು. ಏಳಬೇಕೆನ್ನುವಾಗ ಮೇಷ್ಟ್ರು, ಎಷ್ಟೋ ಕಾಲದಿಂದ ತಡೆದಿಟ್ಟವರ ಹಾಗೆ ಕೇಳಿದರು.

"ಆಶಾ, ಆ ದಿನ ನೀನು ಎದ್ದು ನಿಂತಿದ್ದೆ. ನಾನು ಕೂತ್ಕೋ ಅಂದೆ. ನೆನಪಿದೆಯಾ?"

"ಇದೆ ಮೇಷ್ಟ್ರೇ."

"ಏನಮ್ಮಾ ಪ್ರಶ್ನೆ ಅದು? ದೊಡ್ಡಗಂಗಮ್ಮನವರದ್ದೇ ಇರ್ಬೇಕು."

ಅವ್ವನ ಹೆಸರನ್ನು, ಅದೂ 'ಅವರು' ಸಮೇತ, ಅವರ ಬಾಯಲ್ಲಿ ಕೇಳಿ ನಾನು ಎದ್ದು ನಿಂತೆ. ನಿಂತೇ ಪ್ರಶ್ನೆ ಹೇಳಿದೆ. ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು.

"ಪಾರ್ಶ್ವ ವಿಪರ್ಯಯ ಅಂತ ಇಷ್ಟು ವರ್ಷ ಬಾಯಿಪಾಠ ಮಾಡಿಸ್ದೆ ನೋಡು. ಇದಕ್ಕೆ ಉತ್ತರ ನಂಗೂ ಗೊತ್ತಿಲ್ಲ. ನಾಲ್ಕು ದಿನ ಕೊಡು."

ಶ್ಯಾಮಲಮ್ಮನವರು "ಶುರುವಾಯ್ತು" ಎಂದರು. ಆದರೆ ಅವರ ಮುಖದಲ್ಲಿ ನಗು ಇತ್ತು. ದಾರಿಯಲ್ಲಿ ಬಸ್ಸಿನಲ್ಲಿ ಕೂತು ಯೋಚಿಸಿದೆ. ಅಂದು ನಾನು ಕೇಳಿದ್ದರೂ ಅವರಿಗೆ ನಾಲ್ಕು ದಿನ ಬೇಕಾಗುತ್ತಿತ್ತು. ಆ ವರ್ಷ ನಮಗೆ ಇಲ್ಲದೆ ಹೋದದ್ದು ಆ ನಾಲ್ಕು ದಿನವೇ.

ಮುಂದಿನ ಭಾನುವಾರ ಬೆಳಗ್ಗೆ ಫೋನು ಬಂತು, "ಬಂದ್ಬಿಡು" ಎಂದಷ್ಟೇ. ಹೋದೆ. ಮೇಷ್ಟ್ರು ನನ್ನನ್ನು ಒಳಗಿನ ಬೀರುವಿನ ಕನ್ನಡಿಯ ಮುಂದೆ ನಿಲ್ಲಿಸಿ, ನನ್ನ ಮೂಗಿನಲ್ಲಿದ್ದ ಬೊಟ್ಟನ್ನು ನೋಡಿ, "ಅವರದ್ದೇನಾ?" ಎಂದರು. ಹೌದೆಂದೆ. ಆಮೇಲೆ ಪಾಠ ಶುರು ಮಾಡಿದರು.

"ನಿನ್ನ ಮೂಗುಬೊಟ್ಟು ಯಾವ ಕಡೆ ಇದೆ? ಎಡ ಬಲ ಅನ್ಬೇಡ. ಕೈ ಮಾಡಿ ತೋರ್ಸು."

ನನ್ನ ಬಲಕ್ಕೆ ಕಿಟಕಿ ಇತ್ತು. "ಕಿಟಕಿ ಕಡೆ."

"ಕನ್ನಡೀಲಿರೋಳದು?"

ಬೆರಳು ಅದೇ ಕಿಟಕಿಯತ್ತ ಹೋಯಿತು. "ಅದೂ... ಕಿಟಕಿ ಕಡೇನೇ."

"ನಿನ್ನ ತಲೆ ಸೂರಿನ ಕಡೆ, ಅವಳದೂ ಸೂರಿನ ಕಡೆ. ಹಂಗಾದ್ರೆ ಬದಲಾಗಿರೋದು ಏನು? ನೀನು ಯಾವ ಕಡೆ ನೋಡ್ತಿದ್ದೀಯ?"

"ಬೀರು ಕಡೆ."

"ಅವಳು?"

"ನನ್ನ ಹಿಂದಿನ ಬಾಗಿಲ ಕಡೆ."

"ಅಷ್ಟೇ ಕಣಮ್ಮಾ. ಕನ್ನಡಿ ಮುಂದಿನದನ್ನ ಹಿಂದು ಮಾಡುತ್ತೆ. ಎಡ ಬಲದ ತಂಟೆಗೇ ಅದು ಹೋಗಲ್ಲ. ಅಲ್ಲಿರೋಳು ಅರ್ಧ ಸುತ್ತು ತಿರುಗಿ ಬಂದು ನಮ್ಮೆದುರು ನಿಂತಿದ್ದಾಳೆ ಅಂತ ನಾವು ಅಂದ್ಕೊಳ್ತೀವಿ, ಅದಕ್ಕೇ ಅವಳ ಎಡ ಬಲ ತಿರುವುಮುರುವಾಗಿ ಕಾಣುತ್ತೆ. ಯಾರೂ ತಿರುಗಿಲ್ಲ. ನಿಮ್ಮ ಅವ್ವನ ಮೂಗುಬೊಟ್ಟು ಯಾವ ಕಡೆ ಇತ್ತೋ ಅದೇ ಕಡೆ ಇತ್ತು."

ಆ ನಿಮಿಷದಲ್ಲಿ ನನಗಾದ ಸಂತೋಷಕ್ಕೂ ದುಃಖಕ್ಕೂ ನಡುವೆ ಗೆರೆ ಎಳೆಯಲು ನನಗೆ ಬರಲಿಲ್ಲ. ಕನ್ನಡಿಯಲ್ಲಿ ಅವರ ಮುಖವೂ ಕಾಣುತ್ತಿತ್ತು. ಹಿಂದೆ ಬೋರ್ಡಿನ ಮುಂದೆ ಕಾಣುತ್ತಿದ್ದ ಮುಖ ಅದು, ಹತ್ತು ಹನ್ನೆರಡು ವರ್ಷದಿಂದ ನಾನು ನೋಡಿರದ ಮುಖ. ಹೊರಟಾಗ ಬಾಗಿಲವರೆಗೆ ಬಂದು, ಅಭ್ಯಾಸಬಲದಿಂದಲೋ ಏನೋ, "ಇಂಟ್ಲೋ ಚೆಪ್ಪಿ ರಾ" ಎಂದುಬಿಟ್ಟರು. ಹೇಳಬೇಕಾದವಳು ಮನೆಯಲ್ಲಿ ಇಲ್ಲವೆಂಬುದು ಇಬ್ಬರಿಗೂ ಒಟ್ಟಿಗೇ ನೆನಪಾಯಿತು.

ಆದರೂ ಹೇಳಿದೆ. ಊರಿನ ಮನೆಗೆ ಹೋಗಿ, ಅದೇ ಗೋಡೆಯ ಕನ್ನಡಿಯ ಮುಂದೆ ನಿಂತು, ತೆಲುಗಿನಲ್ಲಿ, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಕೊಟ್ಟಿಗೆಯಿಂದ ಬಂದ ಅಮ್ಮ ಯಾರ ಹತ್ತಿರ ಮಾತಾಡ್ತಿದ್ದೀಯ ಎಂದು ಕೇಳಿದಳು. ಮೇಷ್ಟ್ರು ಏನಂದ್ರು ಅಂತ ಅವ್ವನಿಗೆ ಹೇಳ್ತಿದ್ದೀನಿ ಎಂದೆ. ಅಮ್ಮ ಅಲ್ಲೇ ಬಾಗಿಲಿಗೆ ಒರಗಿ ನಿಂತು ಪೂರ್ತಿ ಕೇಳಿಸಿಕೊಂಡಳು. ಪ್ರಶ್ನೆ ಮಾತ್ರ ಬರಲಿಲ್ಲ.

ಪ್ರಶ್ನೆಯಿಲ್ಲದೆ ಪಾಠ ಮುಗಿಯದೆಂಬುದು ಮೇಷ್ಟ್ರ ನಿಯಮವಲ್ಲವೇ. ಮಾರನೆಯ ದಿನ ಸುಗಟೂರಿನ ಕಡೆಯ ನನ್ನ ಶಾಲೆಯಲ್ಲಿ, ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದು ಕನ್ನಡಿ ತೋರಿಸಿ ಇದನ್ನೇ ಹೇಳಿದೆ. ಪರೀಕ್ಷೆಗೆ ಬರುವುದಿಲ್ಲ ಎಂದು ಅವರು ಕೇಳುವ ಮೊದಲೇ ನಾನೇ ಹೇಳಿದೆ. ಮನೆಯಲ್ಲಿ ಹೇಳಿ ಬನ್ನಿ, ಪ್ರಶ್ನೆ ತನ್ನಿ ಎಂದೆ. ಒಂದು ದಿನ ಯಾರೂ ತರಲಿಲ್ಲ. ಮರುದಿನವೂ ತರಲಿಲ್ಲ. ಮೂರನೆಯ ದಿನ ಮೌನಿಕಾ ಎಂಬ ಹುಡುಗಿ ಅಳುಕುತ್ತ ಎದ್ದು ನಿಂತಳು. ಅವಳ ಅಜ್ಜಿ ಭಾರತಮ್ಮ ಕೇಳಿದರಂತೆ: "ಕನ್ನಡಿ ಮುಂದಿನದನ್ನ ಹಿಂದು ಮಾಡೋದಾದ್ರೆ ಅದ್ರಲ್ಲಿ ನನ್ನ ಬೆನ್ನು ಕಾಣ್ಬೇಕು. ಮುಖ ಯಾಕೆ ಕಾಣುತ್ತೆ?"

ಅವ್ವ ಇದ್ದಿದ್ದರೆ ಒಂದು ಮಾತೂ ಬಿಡದೆ ಇದನ್ನೇ ಕೇಳುತ್ತಿದ್ದಳು. ಬೋರ್ಡಿನ ಮೇಲೆ ಪ್ರಶ್ನೆಯನ್ನು ಬರೆದು, ಕೆಳಗೆ 'ಭಾರತಮ್ಮನವರು' ಎಂದು ಬರೆದು, ನನಗೂ ಗೊತ್ತಿಲ್ಲ, ಗೊತ್ತಿರುವ ನಮ್ಮ ಮೇಷ್ಟ್ರನ್ನು ಕರೆಸುತ್ತೇನೆ ಎಂದು ಮಕ್ಕಳಿಗೆ ಹೇಳಿದೆ.

ಪೂಜ್ಯ ಮೇಷ್ಟ್ರೇ, ಇಂಥ ಲೇಖನದ ಕೊನೆಗೆ ನೂರು ವರ್ಷ ಬಾಳಿ ಎಂದು ಹಾರೈಸುವುದು ವಾಡಿಕೆ. ನೂರು ಎಂಬ ಅಂಕಿಯಿಂದ ನೀವು ಪಟ್ಟದ್ದು ಸಾಕು, ಅದನ್ನು ನಾನು ಮತ್ತೆ ನಿಮ್ಮ ತಲೆಯ ಮೇಲೆ ಹೇರುವುದಿಲ್ಲ. ಮನೆಗಳಲ್ಲಿ ಪ್ರಶ್ನೆ ಕೇಳುವವರು ಇರುವಷ್ಟು ಕಾಲ ನೀವು ಗಟ್ಟಿಮುಟ್ಟಾಗಿರಿ, ಶ್ಯಾಮಲಮ್ಮನವರು ನಿಮ್ಮನ್ನು ಗದರಿಸುತ್ತ ನಿಮ್ಮ ಪಕ್ಕದಲ್ಲಿರಲಿ, ನಾಲ್ಕು ದಿನ ಕೊಡಿ ಎನ್ನುವ ನಿಮ್ಮ ಬಾಯಿಗೆ ಆ ನಾಲ್ಕು ದಿನ ಯಾವಾಗಲೂ ಸಿಗಲಿ. ಜೂನಿನಲ್ಲಿ ಶಾಲೆ ತೆರೆದಾಗ ನನ್ನ ಈ ಮಕ್ಕಳು ಹತ್ತನೆಯ ತರಗತಿಗೆ ಬರುತ್ತಾರೆ. ಎಲ್ಲಿ ನಿಂತಿತ್ತೋ ಅಲ್ಲಿಂದಲೇ ತೊಡಗುವ ಆಸೆ ನನಗೆ. ನಮ್ಮ ಮುಖ್ಯೋಪಾಧ್ಯಾಯರಿಗೆ ಫಲಿತಾಂಶ ಬೇಕು, ಅದನ್ನೂ ಕೊಡುತ್ತೇನೆ. 'ನೋಡವ್ವಾ' ಎಂದು ಮನೆಯಲ್ಲಿ ಹೇಳಬೇಕು, ಉತ್ತರಪತ್ರಿಕೆಯಲ್ಲಿ ಬರೆಯಬಾರದು ಎಂದು ಮೊದಲ ದಿನವೇ ಕಲಿಸುತ್ತೇನೆ. ಮೊದಲ ಶನಿವಾರ ನೀವು ಬಂದು ನಮ್ಮ ಬೋರ್ಡಿನ ಮುಂದೆ ನಿಲ್ಲಬೇಕು, ಮೂರನೆಯ ಬೆಂಚಿನಲ್ಲಿ ನನಗೂ ಒಂದು ಜಾಗ ಇರುತ್ತದೆ.

ತಡಮಾಡಬೇಡಿ, ಬನ್ನಿ. ಸಂಜೆ ಮೌನಿಕಾ ಮನೆಗೆ ಹೋಗಿ ಚೀಲ ಇಳಿಸುವ ಮೊದಲೇ ಭಾರತಮ್ಮನವರು ಬಾಗಿಲಲ್ಲಿ ಕೇಳುತ್ತಾರಂತೆ, "ಏಮನ್ನಾರೇ ಮೀ ಮೇಷ್ಟ್ರು?"